ಅಡಿಕೆಯಿಂದ ‘ಅರೆಕ’ದವರೆಗೆ: ಇಂಗ್ಲಿಷ್ ಪದಗಳ ಬೇರು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದ ಹತ್ತಿರ ನಮ್ಮ ಮನೆ. ಅಂಗಳದಲ್ಲಿ ಅಡಿಕೆ ಸುಲಿಯುವ ದಿನ ನಾಲ್ಕು ಭಾಷೆಯಾದರೂ ಕಿವಿಗೆ ಬೀಳುತ್ತದೆ. ಮನೆಯವರು ಹವ್ಯಕದಲ್ಲಿ ಮಾತಾಡುತ್ತಾರೆ. ಸುಲಿಯುವವರದ್ದು ತುಳು. ಅಡಿಕೆ ಕೊಳ್ಳಲು ಬಂದವರ ಜೊತೆ ಮಲಯಾಳ. ಜಗಲಿಯಲ್ಲಿ ಕೂತು ಓದುವ ಮಕ್ಕಳ ಕೈಯಲ್ಲಿ ಕನ್ನಡ ಪುಸ್ತಕ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ವೇದಿಕೆಗಳಲ್ಲಿ ಹೊಗಳುತ್ತಾರಲ್ವಾ, ನಮಗೆ ಅದು ದಿನನಿತ್ಯದ ಬದುಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ತುಂಬ ವರ್ಷ ಇಂಗ್ಲಿಷ್ ಕಲಿಸಿದ್ದೇನೆ. “ಟೀಚರ್, ಈ ಪದ ನಮ್ಮದೇ ಅಲ್ವಾ?” ಅನ್ನುವ ಪ್ರಶ್ನೆ ಪ್ರತಿ ವರ್ಷವೂ ಬರುತ್ತಿತ್ತು. ಈಗ ಊರಿನ ವಾಚನಾಲಯದಲ್ಲಿ ದೊಡ್ಡವರೂ ಅದನ್ನೇ ಕೇಳುತ್ತಾರೆ. ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಒಟ್ಟು ಮಾಡಿ, ನಾನು ಕೊಡುವ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಇಂಗ್ಲಿಷಿನ ‘ಅರೆಕ’ ನಮ್ಮ ‘ಅಡಿಕೆ’ಯಿಂದ ಹೋದದ್ದು ಹೌದಾ?

ಅಡಿಕೆಯ ಒಡಹುಟ್ಟಿದ ಪದದಿಂದ ಹೋದದ್ದು. ಇಂಗ್ಲಿಷಿಗೆ ಅದು ಪೋರ್ಚುಗೀಸಿನಿಂದ ಬಂತು. ಪೋರ್ಚುಗೀಸಿಗೆ ಮಲಯಾಳದಿಂದ ಹೋಯಿತು. ಮಲಯಾಳದಲ್ಲಿ ಅದು ‘ಅಡಯ್ಕ’, ಮಾತಿನಲ್ಲಿ ‘ಅಡಕ್ಕ’. ನಮ್ಮ ಹವ್ಯಕರ ಮನೆಗಳಲ್ಲಿ ‘ಅಡಕ್ಕೆ’, ಪುಸ್ತಕದ ಕನ್ನಡದಲ್ಲಿ ‘ಅಡಕೆ’ ಅಥವಾ ‘ಅಡಿಕೆ’. ಇವೆಲ್ಲ ಒಂದೇ ತಾಯಿಯ ಮಕ್ಕಳು. ಹಡಗು ಹತ್ತಿದ್ದು ಮಲಯಾಳದ ಮಗು.

ಇದನ್ನು ಹೇಗೆ ಹೇಳುತ್ತೀರಿ ಅಂತ ಕೇಳುವವರಿದ್ದಾರೆ. ಕೇಳಲೇಬೇಕು. ಮೊದಲು ಕಾಲ ನೋಡಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಇಟಲಿಯ ಪ್ರವಾಸಿ ಲುಡೋವಿಕೊ ವಾರ್ತೆಮಾನ ಪುಸ್ತಕ ಅಚ್ಚಾದದ್ದು 1510ರಲ್ಲಿ. ಕಲ್ಲಿಕೋಟೆಯ ಅರಸ ಎಲೆ ಅಡಿಕೆ ಹಾಕುವುದನ್ನು ವರ್ಣಿಸುತ್ತಾ, ಆ ಮರಕ್ಕೆ ‘ಅರೆಕ’ ಅನ್ನುತ್ತಾರೆ ಎಂದು ಆತ ಬರೆದಿದ್ದಾನೆ. ಮಂಗಳೂರಿನಲ್ಲಿ ಪೋರ್ಚುಗೀಸರ ಕೋಟೆ ಎದ್ದದ್ದು 1568ರಲ್ಲಿ. ಅಷ್ಟು ಹೊತ್ತಿಗೆ ಈ ಪದ ಯುರೋಪಿನಲ್ಲಿ ಅಚ್ಚಾಗಿ ಐವತ್ತು ವರ್ಷ ದಾಟಿತ್ತು.

ಇನ್ನೊಂದು ಸಾಕ್ಷಿ ಗಾರ್ಸಿಯ ದ ಒರ್ತ ಎಂಬ ವೈದ್ಯನದ್ದು. 1563ರಲ್ಲಿ ಗೋವಾದಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅಡಿಕೆಯ ಹೆಸರುಗಳನ್ನು ಭಾಷೆ ಭಾಷೆಗೆ ಬೇರೆ ಮಾಡಿ ಕೊಟ್ಟಿದ್ದಾನೆ. ಮಲಬಾರಿನಲ್ಲಿ ‘ಪಾಕ್’ ಅನ್ನುತ್ತಾರೆ, ನಾಯರುಗಳು ‘ಅರೆಕ’ ಅನ್ನುತ್ತಾರೆ ಅಂತ ಅವನ ಮಾತು. ಯಾರ ಬಾಯಿಂದ ಕೇಳಿದ್ದು ಅಂತ ಅವನೇ ಹೇಳಿಬಿಟ್ಟ ಮೇಲೆ ನಾವು ಊಹೆ ಮಾಡುವುದು ಏನಿದೆ?

‘ಡ’ ಹೋಗಿ ‘ರ’ ಬಂದದ್ದು ಹೇಗೆ?

ನಾಲಗೆ ಮಡಚಿ ಹೇಳುವ ‘ಡ’ ಪೋರ್ಚುಗೀಸರಿಗೂ ಇಲ್ಲ, ಇಂಗ್ಲಿಷರಿಗೂ ಇಲ್ಲ. ಎರಡು ಸ್ವರಗಳ ನಡುವೆ ಬಂದಾಗ ನಮ್ಮ ‘ಡ’ ಬೇಗ ತಟ್ಟಿ ಹೋಗುತ್ತದೆ. ‘ಅಡಕ್ಕೆ, ಅಡಕ್ಕೆ’ ಅಂತ ಜೋರಾಗಿ ನಾಲ್ಕು ಸಲ ಹೇಳಿ ನೋಡಿ. ನಾಲಗೆ ತಟ್ಟಿ ತಕ್ಷಣ ಕೆಳಗಿಳಿಯುತ್ತದೆ. ಹೊರಗಿನವರ ಕಿವಿಗೆ ಅದು ‘ರ’ದ ಹಾಗೆ ಕೇಳುತ್ತದೆ.

ಇದು ಒಂದು ಪದದ ಕತೆಯಾಗಿದ್ದರೆ ನಾನು ನಂಬುತ್ತಿರಲಿಲ್ಲ. ನಮ್ಮ ಪಕ್ಕದ ಕೊಡಗನ್ನೇ ನೋಡಿ. ಇಂಗ್ಲಿಷರು ಅದನ್ನು ‘ಕೂರ್ಗ್’ ಮಾಡಿದರು. ಉತ್ತರದ ಖಿಚಡಿ ಇಂಗ್ಲೆಂಡಿನ ಅಡುಗೆಮನೆಯಲ್ಲಿ ‘ಕೆಜರೀ’ ಆಯಿತು. ಅಲ್ಲೂ ‘ಡ’ ಹೋಗಿ ‘ರ’. ಒಂದೇ ಬದಲಾವಣೆ ಬೇರೆ ಬೇರೆ ಪದಗಳಲ್ಲಿ ಸಿಕ್ಕಿದರೆ ಕಾಲೂರಲು ನೆಲ ಸಿಕ್ಕಿದ ಹಾಗೆ. ಪದದ ಬೇರು ಹುಡುಕುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ಹಾಗಾದರೆ ‘ಅಡಿಕೆ’ ಅನ್ನುವ ಪದ ಎಲ್ಲಿಂದ ಬಂತು?

ಕೊನೆಯಲ್ಲಿರುವುದು ‘ಕಾಯಿ’. ತಮಿಳಿನ ಹಳೆಯ ರೂಪ ‘ಅಡೈಕ್ಕಾಯ್’ ನೋಡಿದರೆ ಅದು ಗೊತ್ತಾಗುತ್ತದೆ. ಕನ್ನಡದಲ್ಲಿ ಸವೆದು ಬರೀ ‘ಕೆ’ ಉಳಿದಿದೆ.

ಮೊದಲ ತುಂಡಿನ ಬಗ್ಗೆ ಎರಡು ಅಭಿಪ್ರಾಯ ಇದೆ. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಬಿಷಪ್ ಕಾಲ್ಡ್‌ವೆಲ್ ಪ್ರಕಾರ ‘ಅಡೈ’ ಅಂದರೆ ಒತ್ತೊತ್ತಾಗಿ ಇರುವುದು. ಅಡಿಕೆ ಗೊನೆಯಲ್ಲಿ ಕಾಯಿಗಳು ಒಂದಕ್ಕೊಂದು ಅಂಟಿಕೊಂಡು ಇರುತ್ತವಲ್ವಾ, ಅದರಿಂದ. ಆದರೆ ತಮಿಳಿನಲ್ಲಿ ‘ಅಡೈ’ಗೆ ಎಲೆ, ವೀಳ್ಯದೆಲೆ ಅನ್ನುವ ಅರ್ಥವೂ ಇದೆ. ಹಾಗೆ ನೋಡಿದರೆ ಎಲೆಯ ಜೊತೆ ತಿನ್ನುವ ಕಾಯಿ ಅಂತಾಗುತ್ತದೆ. ನನ್ನ ಮನಸ್ಸು ಎರಡನೆಯದರ ಕಡೆ. ಒತ್ತಾಗಿ ಬೆಳೆಯುವ ಕಾಯಿ ಬೇಕಾದಷ್ಟಿವೆ. ಎಲೆಯ ಜೊತೆಗೇ ಹರಿವಾಣದಲ್ಲಿ ಕೂರುವುದು ಇದೊಂದೇ.

ತೋಟದಲ್ಲಿ ಕೆಲಸ ಮಾಡುವವರು ಮರಕ್ಕೆ ‘ಅಡಿಕೆ’ ಅನ್ನುವುದು ಕಡಿಮೆ. ತುಳುವಿನಲ್ಲಿ ಮರ ‘ಕಂಗು’, ಒಣಗಿದ ಕಾಯಿ ‘ಬಜ್ಜೆಯಿ’. ಮಲಯಾಳದಲ್ಲಿ ಮರ ‘ಕವುಂಗು’, ಹಳೆಯ ಕನ್ನಡದಲ್ಲಿ ‘ಕೌಂಗು’. ಡಚ್ಚರ ಕಾಲದಲ್ಲಿ ಅವರ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ಮಾಡಿಸಿದ ಪುಸ್ತಕ ‘ಹೋರ್ಟುಸ್ ಮಲಬಾರಿಕುಸ್’ 1678ರಿಂದ 1693ರ ತನಕ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಮೊದಲ ಸಂಪುಟದಲ್ಲೇ ಈ ಮರ ‘ಕೌಂಗ’ ಎಂಬ ಹೆಸರಿನಲ್ಲಿ ಇದೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಮರಕ್ಕೆ ‘ಅರೆಕ ಕಟೆಚು’ ಅಂತ ಹೆಸರಿಟ್ಟ. ಕಾಯಿಯ ಹೆಸರು ಮರಕ್ಕೆ ಹೋಯಿತು. ‘ಕಟೆಚು’ ನಾವು ಎಲೆಗೆ ಹಾಕುವ ಕಾಚಿನ ಬಳಗದ ಪದ. ಕಾಚು ಬರುವುದು ಬೇರೆಯೇ ಮರದ ಚೇಗಿನಿಂದ. ಆದರೂ ಅಡಿಕೆಮರದ ಹೆಸರಿನಲ್ಲಿ ಅದು ಇವತ್ತಿಗೂ ಉಳಿದಿದೆ.

ಅಡಿಕೆಗೆ ‘ಬೀಟಲ್ ನಟ್’ ಅನ್ನುವುದು ಸರಿಯಾ?

ಬಳಕೆಯಲ್ಲಿದೆ, ಆದರೆ ಎಲೆಯ ಹೆಸರನ್ನು ಕಾಯಿಗೆ ಕೊಟ್ಟ ಹಾಗಾಯಿತು. ‘ಬೀಟಲ್’ ಮಲಯಾಳದ ‘ವೆಟ್ಟಿಲ’, ಅಂದರೆ ವೀಳ್ಯದೆಲೆ. ‘ವೆರು’ ಅಂದರೆ ಬರಿದು, ‘ಇಲ’ ಅಂದರೆ ಎಲೆ. ಇದೂ ಪೋರ್ಚುಗೀಸರ ಮೂಲಕವೇ ಹೋಯಿತು. ‘ವ’ ‘ಬ’ ಆಗಿದೆ ನೋಡಿ ಕನ್ನಡದ ಪದ ಇರಬೇಕು ಅಂತ ಕೆಲವರು ಅನ್ನುತ್ತಾರೆ. ಮಲಯಾಳದ ‘ವೇರ್’ ನಮ್ಮಲ್ಲಿ ‘ಬೇರು’, ‘ವಾಳ’ ನಮ್ಮಲ್ಲಿ ‘ಬಾಳೆ’, ಅದು ನಿಜ. ಆದರೆ ಕನ್ನಡದವರು ‘ಬೆಟ್ಟಿಲೆ’ ಅನ್ನುವುದಿಲ್ಲ. ಅನ್ನುವುದು ವೀಳ್ಯದೆಲೆ, ಇಲ್ಲವೇ ಸುಮ್ನೆ ಎಲೆ. ‘ವ’ವನ್ನು ‘ಬ’ ಮಾಡಿದ್ದು ಪೋರ್ಚುಗೀಸರ ನಾಲಗೆ.

ಮಲಯಾಳದ ‘ಎಟ್ಟ್’, ಇಂಗ್ಲಿಷಿನ ‘ಎಯ್ಟ್’. ‘ಒನ್ನ್’, ‘ವನ್’. ಇದು ನಂಟು ಅಲ್ವಾ?

ಕಾಸರಗೋಡಿನ ಮಕ್ಕಳೆಲ್ಲ ಒಂದು ಸಲ ಇದನ್ನು ಕಂಡುಹಿಡಿಯುತ್ತಾರೆ. ಕಂಡುಹಿಡಿದಾಗ ಅವರ ಮುಖ ಅರಳುವುದನ್ನು ನೋಡಬೇಕು. ಆ ಖುಷಿ ಕೆಡಿಸಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಇಲ್ಲ ಅನ್ನುವ ಬದಲು, “ಬನ್ನಿ, ಎರಡನ್ನೂ ಹಿಂದಕ್ಕೆ ಕರಕೊಂಡು ಹೋಗುವಾ” ಅನ್ನುತ್ತೇನೆ.

ಮೊದಲು ‘ಎಟ್ಟ್’. ಕನ್ನಡದಲ್ಲಿ ಎಂಟು. ತುಳುವಿನಲ್ಲಿ ಎಣ್ಮ. ಮಲಯಾಳದಲ್ಲೇ ಎಂಬತ್ತಕ್ಕೆ ‘ಎಣ್ಪದ್’ ಅನ್ನುತ್ತಾರೆ. ಎಲ್ಲ ಕಡೆ ಒಂದು ‘ಣ’ ಕೇಳುತ್ತದೆ. ಅಂದರೆ ‘ಎಟ್ಟ್’ನಲ್ಲೂ ಹಿಂದೆ ‘ಣ’ ಇತ್ತು, ಆಮೇಲೆ ಕರಗಿತು. ಕನ್ನಡ ಅದನ್ನು ಉಳಿಸಿಕೊಂಡಿದೆ.

ಈಗ ಇಂಗ್ಲಿಷಿನ ‘ಎಯ್ಟ್’. ಬರೆಯುವಾಗ ನಡುವೆ ಎರಡು ಅಕ್ಷರ ಸುಮ್ಮನೆ ಕೂತಿರುತ್ತವೆ. ಹಿಂದೆ ಅವು ಸುಮ್ಮನೆ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಎಅಹ್ತ’. ಜರ್ಮನ್‌ನಲ್ಲಿ ಈಗಲೂ ‘ಆಖ್ಟ್’. ಲ್ಯಾಟಿನಿನಲ್ಲಿ ‘ಒಕ್ಟೋ’. ರೋಮನ್ನರ ಹಳೆಯ ಲೆಕ್ಕದಲ್ಲಿ ಎಂಟನೆಯ ತಿಂಗಳು ಆಗಿದ್ದಕ್ಕೆ ‘ಅಕ್ಟೋಬರ್’. ಸಂಸ್ಕೃತದಲ್ಲಿ ‘ಅಷ್ಟ’. ‘ಎಯ್ಟ್’ನ ನೆಂಟರು ಇವರು.

ಒಂದು ಕಡೆ ‘ಎಣ್’, ಇನ್ನೊಂದು ಕಡೆ ‘ಒಕ್ಟೋ’. ಹಿಂದೆ ಹೋದ ಹಾಗೆ ದೂರವಾದರು. ‘ಒನ್ನ್’ ಮತ್ತು ‘ವನ್’ ಕತೆಯೂ ಹೀಗೇ. ಮಲಯಾಳದ ‘ಒನ್ನ್’ ತಮಿಳಿನ ‘ಒನ್‌ರು’, ಕನ್ನಡದ ‘ಒಂದು’, ತುಳುವಿನ ‘ಒಂಜಿ’ಯ ಮನೆಯದ್ದು. ಇಂಗ್ಲಿಷಿನದ್ದು ಹಳೆಯ ರೂಪದಲ್ಲಿ ‘ಆನ್’. ಮೊದಲಿನ ‘ವ’ ಆಮೇಲೆ ಸೇರಿದ್ದು. ‘ಒನ್ಲಿ’, ‘ಅಲೋನ್’ ಎಂಬ ಪದಗಳೊಳಗೆ ಇರುವುದೂ ಅದೇ ಪದ. ಅಲ್ಲಿ ‘ವ’ ಇಲ್ಲ ಅನ್ನುವುದನ್ನು ಗಮನಿಸಿ.

ನಿಜವಾದ ನೆಂಟರಾದರೆ ಹಳೆಯ ರೂಪಗಳು ಹತ್ತಿರ ಬರುತ್ತವೆ. ಇಲ್ಲಿ ಹಳೆಯದು ಸಿಕ್ಕಿದಷ್ಟೂ ದೂರ ಸರಿದವು.

‘ಒಂದು ಕಾಸಿಗೆ ಎಂಟು’ ಅಂತ ಮಾರುತ್ತಿದ್ದರು, ಅದರಿಂದ ‘ಕ್ಯಾಶ್ಯೂ’ ಬಂತು ಅನ್ನುತ್ತಾರಲ್ಲ?

ಈ ಕತೆಯನ್ನು ನಾನೂ ಒಂದು ಸಲ ಮಕ್ಕಳಿಗೆ ಹೇಳಿದ್ದೆ. ಮಲಯಾಳದಲ್ಲಿ ‘ಕಾಸಿನ್ ಎಟ್ಟ್’ ಅಂದರೆ ಕಾಸಿಗೆ ಎಂಟು. ಬಿಳಿಯರು ಕೇಳಿ ‘ಕ್ಯಾಶ್ಯೂ’ ಮಾಡಿದರು ಅಂತ. ಮಕ್ಕಳು ಅದನ್ನು ಮನೆಗೆ ಒಯ್ದು ಅಜ್ಜ ಅಜ್ಜಿಗೂ ಹೇಳಿದ್ದರು. ಆಮೇಲೆ ನಿಘಂಟು ತೆರೆದಾಗ ತಪ್ಪು ಗೊತ್ತಾಯಿತು. ಮರುದಿನ ತರಗತಿಯಲ್ಲಿ ಸರಿಮಾಡಿ ಹೇಳಿದೆ. ಆದರೆ ಹಿಂದಿನ ವರ್ಷದ ಮಕ್ಕಳನ್ನು ಎಲ್ಲಿಂದ ಹುಡುಕಿ ತರಲಿ? ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ಗೇರುಮರ ಬ್ರೆಜಿಲಿನದ್ದು. ಅಲ್ಲಿನ ತುಪಿ ಭಾಷೆಯಲ್ಲಿ ಅದರ ಹೆಸರು ‘ಅಕಜು’. ಪೋರ್ಚುಗೀಸರು ‘ಕಜು’ ಅಂದರು. 16ನೇ ಶತಮಾನದಲ್ಲಿ ಮರವನ್ನೂ ಹೆಸರನ್ನೂ ನಮ್ಮ ಕರಾವಳಿಗೆ ತಂದದ್ದು ಅವರೇ. ಇಂಗ್ಲಿಷಿನ ‘ಕ್ಯಾಶ್ಯೂ’, ಹಿಂದಿಯ ‘ಕಾಜು’, ಮಲಯಾಳದ ‘ಕಶುಮಾವು’ ಎಲ್ಲದರ ಬೇರು ಅಲ್ಲಿಯದ್ದು. ಮಲಯಾಳದಲ್ಲಿ ಇನ್ನೊಂದು ಹೆಸರೂ ಇದೆ, ‘ಪರಂಗಿಮಾವು’. ಪರಂಗಿಯವರ ಮಾವು. ಮರ ಹೊರಗಿನದ್ದು ಅಂತ ಜನಕ್ಕೆ ನೆನಪಿತ್ತು.

ನಮ್ಮ ‘ಗೇರು’ ಮಾತ್ರ ಹಳೆಯ ದ್ರಾವಿಡ ಪದ. ಅದು ಮೊದಲು ಈ ಮರದ ಹೆಸರಾಗಿರಲಿಲ್ಲ. ಕಾಡಿನಲ್ಲಿ ಕರಿಗೇರು ಅಂತ ಇದೆಯಲ್ಲ, ಅಗಸರು ಬಟ್ಟೆಗೆ ಗುರುತು ಹಾಕಲು ಅದರ ಕಾಯಿ ಬಳಸುತ್ತಿದ್ದರು. ಅದರ ಹೆಸರು. ಹಣ್ಣಿನ ಕೆಳಗೆ ಬೀಜ ಹೊತ್ತ ಹೊಸ ಮರ ಬಂದಾಗ, ಅದೇ ಥರ ಇರುವ ಹಳೆಯ ಮರದ ಹೆಸರನ್ನು ಕೊಟ್ಟರು. ಯುರೋಪಿನಲ್ಲೂ ಹೀಗೇ ಆಗಿದೆ. ಅಲ್ಲಿನ ಔಷಧಿಯವರು ‘ಅನಕಾರ್ಡಿಯಂ’ ಅನ್ನುತ್ತಿದ್ದದ್ದು ಕರಿಗೇರಿಗೆ. ಇವತ್ತು ಸಸ್ಯಶಾಸ್ತ್ರದಲ್ಲಿ ಅದು ಗೇರುಮರದ ಹೆಸರು. ನಮ್ಮ ಊರಿನವರಿಗೂ ಅಲ್ಲಿನವರಿಗೂ ಹೊಳೆದದ್ದು ಒಂದೇ.

ಎಲ್ಲ ಹಳೆಯ ಪದಗಳೂ ಕೊನೆಗೆ ಸಂಸ್ಕೃತಕ್ಕೇ ಹೋಗಿ ನಿಲ್ಲುತ್ತವಲ್ವಾ?

ಕೆಲವು ನಿಲ್ಲುತ್ತವೆ. ‘ಪೆಪ್ಪರ್’ ಲ್ಯಾಟಿನಿನ ‘ಪಿಪೆರ್’, ಗ್ರೀಕಿನ ‘ಪೆಪೆರಿ’ ದಾಟಿ ಸಂಸ್ಕೃತದ ‘ಪಿಪ್ಪಲಿ’ಗೆ ಬರುತ್ತದೆ. ಕನ್ನಡದ ‘ಹಿಪ್ಪಲಿ’ ಅದೇ. ಪಾಲು ಹಾಲಾದ ಹಾಗೆ ಪಿಪ್ಪಲಿ ಹಿಪ್ಪಲಿ ಆಯಿತು. ಉದ್ದ ಕಾಯಿಯ ಹಿಪ್ಪಲಿಯ ಹೆಸರು ಯುರೋಪಿನಲ್ಲಿ ಕಾಳುಮೆಣಸಿಗೆ ಅಂಟಿತು. ಆಮೇಲೆ ಅಮೆರಿಕದಿಂದ ಬಂದ ಮೆಣಸಿನಕಾಯಿಗೂ ಅಂಟಿತು. ನಮ್ಮಲ್ಲೂ ಅದೇ ಗೊಂದಲ ಆಗಿರಬೇಕು. ಹಳೆಯದನ್ನು ಬೇರೆ ಮಾಡಿ ಹೇಳಲು ಕನ್ನಡದವರು ‘ಒಳ್ಳೆಮೆಣಸು’ ಅಂದರು, ತುಳುವರು ‘ಎಡ್ಡೆಮುಂಚಿ’, ಮಲಯಾಳಿಗಳು ‘ನಲ್ಲಮುಳಗ್’. ಮೂರು ಭಾಷೆಯವರೂ ಒಂದೇ ಗುಣದ ಮಾತು ಹೇಳಿದರು. ನನಗೆ ತುಂಬ ಇಷ್ಟವಾದ ಪದಗಳು ಇವು.

‘ಜಿಂಜರ್’ ಕತೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಜಿಂಜಿಫೆರ್’, ಗ್ರೀಕಿನಲ್ಲಿ ‘ಜಿಂಗಿಬೆರಿಸ್’, ಪಾಲಿಯಲ್ಲಿ ‘ಸಿಂಗಿವೇರ’, ಸಂಸ್ಕೃತದಲ್ಲಿ ‘ಶೃಂಗವೇರ’. ಶೃಂಗ ಅಂದರೆ ಕೊಂಬು. ಶುಂಠಿ ಕೊಂಬಿನ ಹಾಗೆ ಕವಲೊಡೆದಿರುತ್ತದೆ, ಹಾಗಾಗಿ ಅರ್ಥ ಕೂಡಿಬಂತು ಅಂತ ತುಂಬ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಬೇಕು. ನಮ್ಮ ಪಕ್ಕದ ಮನೆಯ ಮಲಯಾಳದಲ್ಲಿ ಶುಂಠಿಗೆ ‘ಇಂಜಿ’, ಬೇರಿಗೆ ‘ವೇರ್’. ಇಂಜಿವೇರ್. ದ್ರಾವಿಡ ಪದ ಉತ್ತರಕ್ಕೆ ಹೋಗಿ, ಅಲ್ಲಿನವರ ಕಿವಿಗೆ ಅರ್ಥವಾಗುವ ‘ಶೃಂಗ’ದ ಬಟ್ಟೆ ತೊಟ್ಟಿತು ಅಂತ ಭಾಷಾವಿದ್ವಾಂಸರು ಹೇಳುತ್ತಾರೆ. ಕನ್ನಡದವರು ಅನ್ನುವ ‘ಶುಂಠಿ’ಗೆ ಸಂಸ್ಕೃತದಲ್ಲಿ ಒಣಶುಂಠಿ ಅಂತ ಅರ್ಥ. ಅದಕ್ಕೇ ನಾವು ‘ಹಸಿಶುಂಠಿ’ ಅಂತ ಬೇರೆ ಹೇಳಬೇಕಾಯಿತು.

ಹುಡುಕುವುದನ್ನು ಎಲ್ಲಿಂದ ಶುರುಮಾಡಬೇಕು?

ಹತ್ತಿರದಿಂದ. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಇರುವ ಹಳೆಯ ಕಾಗುಣಿತ ಮತ್ತು ಇಸವಿ ನೋಡಿ. ಆಮೇಲೆ ಅದು ಯಾರಿಂದ ಬಂತು ಅಂತ ಒಂದೊಂದೇ ಮೆಟ್ಟಿಲು ಇಳಿಯಿರಿ. ನೇರ ಕನ್ನಡಕ್ಕೆ ಹಾರಬೇಡಿ.

‘ಆರೆಂಜ್’ ತೆಗೆದುಕೊಳ್ಳಿ. ಇಂಗ್ಲಿಷಿಗೆ ಫ್ರೆಂಚಿನಿಂದ ಬಂತು. ಸ್ಪೇನಿನಲ್ಲಿ ಅದು ‘ನರಂಹ’. ಮೊದಲಲ್ಲಿ ಒಂದು ‘ನ’ ಸಿಕ್ಕಿತಲ್ವಾ? ಅರಬ್ಬಿಯಲ್ಲಿ ‘ನಾರಂಜ್’, ಪಾರಸಿಯಲ್ಲಿ ‘ನಾರಂಗ್’, ಸಂಸ್ಕೃತದಲ್ಲಿ ‘ನಾರಂಗ’. ಅಲ್ಲಿಂದ ಆಚೆಗೆ ಬೇರು ದ್ರಾವಿಡದ್ದು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಮಲಯಾಳದಲ್ಲಿ ‘ನಾರಂಙ’ ಅಂದರೆ ನಿಂಬೆ. ಹಾಗಾದರೆ ‘ನ’ ಎಲ್ಲಿ ಕಳೆದುಹೋಯಿತು? ಇಟಲಿ, ಫ್ರಾನ್ಸಿನ ಕಡೆ ‘ಒಂದು’ ಅನ್ನುವುದಕ್ಕೆ ‘ಉನ’, ‘ಉನ್’ ಥರದ ಪದ ಮೊದಲು ಬರುತ್ತದೆ. ಅದರ ‘ನ’ ಯಾವುದು, ಹಣ್ಣಿನ ‘ನ’ ಯಾವುದು ಅಂತ ಬೇರೆ ಮಾಡಲಾಗದೆ ಒಂದು ಬಿದ್ದುಹೋಯಿತು. ಇಂಗ್ಲಿಷಿನಲ್ಲಿ ‘ನೇಪ್ರನ್’ ಹೀಗೇ ‘ಏಪ್ರನ್’ ಆಗಿದೆ.

ಪದ ಯಾವ ದಾರಿಯಲ್ಲಿ ನಡೆಯಿತು ಅನ್ನುವುದಕ್ಕೆ ಸರಕು ಬೇಕು, ವ್ಯಾಪಾರಿ ಬೇಕು, ಹಡಗು ಬೇಕು. ಬರೀ ಸದ್ದು ಸಾಲದು. ‘ಕಾಯರ್’ ಅನ್ನುವ ಇಂಗ್ಲಿಷ್ ಪದ ಮಲಯಾಳದ ‘ಕಯರ್’, ಅಂದರೆ ಹಗ್ಗ. ಪೋರ್ಚುಗೀಸಿನಲ್ಲಿ ‘ಕೈರೊ’. 16ನೇ ಶತಮಾನದ ಆರಂಭದಲ್ಲಿ ಬಾರ್ಬೋಸ ಎಂಬ ಪೋರ್ಚುಗೀಸ್ ಬರಹಗಾರ ನಮ್ಮ ಕುಂಬಳೆಯ ಬಗ್ಗೆ ಬರೆದಿದ್ದಾನೆ. ಇಲ್ಲಿನ ಕಪ್ಪು ಅಕ್ಕಿ ಮಾಲ್ದೀವಿಗೆ ಹೋಗುತ್ತಿತ್ತು, ಬದಲಿಗೆ ಅಲ್ಲಿಂದ ತೆಂಗಿನ ನಾರಿನ ಹಗ್ಗ ಬರುತ್ತಿತ್ತು ಅಂತ. ಕುಂಬಳೆ ಪೇಟೆಗೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಯಾವ ನಿಘಂಟು ನೋಡಬೇಕು?

ದ್ರಾವಿಡ ಭಾಷೆಗಳಿಗೆ ಬರೋ ಮತ್ತು ಎಮನೋ ಮಾಡಿದ ದ್ರಾವಿಡ ವ್ಯುತ್ಪತ್ತಿ ನಿಘಂಟು. ಮೊದಲು ಬಂದದ್ದು 1961ರಲ್ಲಿ, ಎರಡನೆಯ ಆವೃತ್ತಿ 1984ರಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು. ಇಂಗ್ಲಿಷಿಗೆ ಆಕ್ಸ್‌ಫರ್ಡಿನ ದೊಡ್ಡ ನಿಘಂಟು. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳಿಗೆ 1886ರ ‘ಹಾಬ್ಸನ್-ಜಾಬ್ಸನ್’. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರಾದ ಬರ್ನೆಲ್ ಮಂಗಳೂರಿನಲ್ಲೂ ನ್ಯಾಯಾಧೀಶರಾಗಿದ್ದವರು. ಅದರಲ್ಲಿ ಹಳೆಯ ಪ್ರವಾಸಿಗಳ ಮಾತುಗಳನ್ನು ಇಸವಿ ಸಮೇತ ಕೊಟ್ಟಿದ್ದಾರೆ. ಕೆಲವು ಊಹೆಗಳು ಹಳತಾಗಿವೆ. ಆ ಉಲ್ಲೇಖಗಳು ಹಳತಾಗಿಲ್ಲ.

ನಮಗೆ ಇನ್ನೂ ಹತ್ತಿರದ ಭಾಗ್ಯ ಒಂದಿದೆ. ಗುಂಡರ್ಟರ ಮಲಯಾಳ ನಿಘಂಟು 1872, ಮೆನ್ನರ್ ಅವರ ತುಳು ನಿಘಂಟು 1886, ಕಿಟೆಲ್ ಅವರ ಕನ್ನಡ ನಿಘಂಟು 1894. ಮೂರೂ ಬಂದದ್ದು ಮಂಗಳೂರಿನಿಂದ, ಬಾಸೆಲ್ ಮಿಶನ್ ಅಚ್ಚುಕೂಟದಿಂದ. ಕಾಸರಗೋಡಿನಿಂದ ಐವತ್ತು ಕಿಲೋಮೀಟರಿನ ಒಳಗೆ. ಇವುಗಳ ಜೊತೆಗೆ ಉಡುಪಿಯಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಬಂದ ತುಳು ನಿಘಂಟಿನ 6 ಸಂಪುಟಗಳು. ಇವನ್ನೆಲ್ಲ ಒಟ್ಟಿಗೆ ಮೇಜಿನ ಮೇಲೆ ತೆರೆದಿಟ್ಟು, ಒಂದೇ ಪದವನ್ನು ಎಲ್ಲದರಲ್ಲೂ ಹುಡುಕಿ ನೋಡಿ. ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ.

ನಮ್ಮ ಊರಿನ ಹೆಸರಿಗೂ ಇದೇ ಕ್ರಮ ನಡೆಯುತ್ತದಾ?

ಊರಿನ ಹೆಸರು ಕಷ್ಟ. ಕಾಸರಗೋಡಿಗೆ ಕಾಸರಕದ ಮರದಿಂದ ಹೆಸರು ಬಂತು ಅನ್ನುವವರಿದ್ದಾರೆ. ಸಂಸ್ಕೃತದ ಕಾಸಾರ, ಅಂದರೆ ಕೆರೆ, ಅದರಿಂದ ಅನ್ನುವವರೂ ಇದ್ದಾರೆ. ಊರಿನ ಹೆಸರಿಗೆ ಅರ್ಥ ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಹಾಗಾಗಿ ಹಳೆಯ ಶಾಸನದ ರೂಪ ಮುಂದಿಡದೆ ಯಾರಾದರೂ ಹೇಳಿದರೆ ನಾನು ಕೇಳಿಕೊಳ್ಳುತ್ತೇನೆ, ಬರೆದಿಟ್ಟುಕೊಳ್ಳುತ್ತೇನೆ, ಅಷ್ಟೇ.

ಮಲಯಾಳದಿಂದ ಹೋದದ್ದು ಅಂತ ಒಪ್ಪಿದರೆ ಕನ್ನಡವನ್ನು ಬಿಟ್ಟುಕೊಟ್ಟ ಹಾಗಾಗುವುದಿಲ್ಲವಾ?

ಈ ಪ್ರಶ್ನೆ ಕೇಳುವವರ ನೋವು ನನಗೆ ಗೊತ್ತು. 1956ರಲ್ಲಿ ರಾಜ್ಯಗಳು ಹೊಸದಾಗಿ ಆದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಂದಿನಿಂದ ಕನ್ನಡ ಶಾಲೆ, ಕನ್ನಡ ಅರ್ಜಿ, ಕನ್ನಡ ಬೋರ್ಡು ಎಲ್ಲದಕ್ಕೂ ಕೇಳಿ ಕೇಳಿ ಪಡೆಯಬೇಕಾಗಿದೆ. ಆ ಹೋರಾಟದಲ್ಲಿ ನಾನೂ ಇದ್ದೇನೆ. ಆದರೆ ‘ಅರೆಕ’ದ ಬೇರನ್ನು ತಿರುಚಿ ಕನ್ನಡಕ್ಕೆ ನೆಟ್ಟರೆ ಒಂದು ಕನ್ನಡ ಶಾಲೆಯೂ ಉಳಿಯುವುದಿಲ್ಲ. ಹಲಸಿಗೆ ‘ಜಾಕ್’ ಅನ್ನುವುದು ಮಲಯಾಳದ ‘ಚಕ್ಕ’. ‘ಟೀಕ್’ ಮಲಯಾಳದ ‘ತೇಕ್ಕ್’, ನಮ್ಮ ತೇಗದ ಒಡಹುಟ್ಟು. ಹಡಗುಗಳು ಕಲ್ಲಿಕೋಟೆ, ಕಣ್ಣೂರು, ಕೊಚ್ಚಿಯಲ್ಲಿ ನಿಂತವು. ಅಲ್ಲಿನ ಮಾತು ಹತ್ತಿಕೊಂಡಿತು.

ಕನ್ನಡಕ್ಕೆ ಬೇರೆ ಕೆಲಸ ಇದೆ. ‘ಎಟ್ಟ್’ನ ಗುಟ್ಟು ಬಿಡಿಸುವಾಗ ‘ಎಂಟು’ ಸಾಕ್ಷಿ ಹೇಳಿತಲ್ವಾ? ತುಳುವಿನ ‘ಎಣ್ಮ’ವೂ ಹೇಳಿತು. ಒಂದೇ ಭಾಷೆ ಗೊತ್ತಿರುವವರಿಗೆ ಇದು ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ಆಟವಾಡುತ್ತಲೇ ಸಿಗುತ್ತದೆ. ಅದಕ್ಕೇ ಮನೆಯ ತುಳುವನ್ನೋ ಬ್ಯಾರಿಯನ್ನೋ ಕರಾಡ ಮರಾಠಿಯನ್ನೋ ಮಕ್ಕಳು ನಾಚಿಕೆಯಿಂದ ಬಿಟ್ಟಾಗ ನನಗೆ ಸಂಕಟವಾಗುತ್ತದೆ.

ನೇರವಾಗಿ ಕನ್ನಡದಿಂದಲೇ ಹೋದ ಪದ ಒಂದೂ ಇಲ್ವಾ?

ಇದೆ. ಅದೂ ಅಡಿಕೆಮರದ ಮೇಲೆಯೇ ಇದೆ. ಕೊಳೆರೋಗ.

ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ. ಇಂಗ್ಲಿಷಿನಲ್ಲೂ ಅದರ ಹೆಸರು ‘ಕೋಲೆರೋಗ’. ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಕನ್ನಡ ಮೂಲ ಅಂತಲೇ ಕೊಟ್ಟಿದ್ದಾರೆ. ಮೈಸೂರು ಸೀಮೆಯ ಕಾಫಿ ಗಿಡಗಳ ಕೊಳೆರೋಗ ನೋಡಿ 1876ರಲ್ಲಿ ಕುಕ್ ಎಂಬ ವಿಜ್ಞಾನಿ ಆ ಶಿಲೀಂಧ್ರಕ್ಕೆ ‘ಪೆಲಿಕ್ಯುಲೇರಿಯ ಕೋಲೆರೋಗ’ ಅಂತ ಹೆಸರಿಟ್ಟರು. 1910ರಲ್ಲಿ ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಬರೆದರು. ರೈತರು ಅಂದದ್ದನ್ನೇ ವಿಜ್ಞಾನಿಗಳು ತೆಗೆದುಕೊಂಡರು. ಇಲ್ಲಿ ಪೋರ್ಚುಗೀಸರು ನಡುವೆ ಇಲ್ಲ. ಹಾಗಾಗಿ ಪದ ಹೆಚ್ಚು ಸವೆದಿಲ್ಲ. ‘ಳ’ ಒಂದು ‘ಲ’ ಆಗಿದೆ, ಅಷ್ಟೇ.

ಕೊಳೆರೋಗ ತಡೆಯಲು ಮೈಲುತುತ್ತು, ಸುಣ್ಣ, ನೀರು ಸೇರಿಸಿ ಗೊನೆಗೆ ಮದ್ದು ಬಿಡುತ್ತೇವೆ. ಅದರ ಹೆಸರು ಬೋರ್ಡೋ ದ್ರಾವಣ. ಬೋರ್ಡೋ ಫ್ರಾನ್ಸಿನ ಒಂದು ಊರು. ದ್ರಾಕ್ಷಿ ತೋಟದವರು ಕಂಡುಕೊಂಡ ಮದ್ದು ಅದು. ನಮ್ಮ ರೋಗದ ಹೆಸರು ಅಲ್ಲಿಗೆ ಹೋಯಿತು, ಅವರ ಮದ್ದಿನ ಹೆಸರು ಇಲ್ಲಿಗೆ ಬಂತು. ಮರ ಹತ್ತುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ನನ್ನ ಅಜ್ಜಿ ಹೇಳುವ ಒಂದು ಪದ ಯಾವ ನಿಘಂಟಿನಲ್ಲೂ ಇಲ್ಲ. ಏನು ಮಾಡಲಿ?

ಇವತ್ತೇ ಬರೆದಿಡಿ. ಪದ ಒಂದನ್ನೇ ಬರೆದರೆ ಸಾಲದು. ಅಜ್ಜಿ ಅದನ್ನು ಹೇಳಿದ ಇಡೀ ವಾಕ್ಯ ಬೇಕು. ಯಾವ ವಸ್ತುವಿಗೆ ಹೇಳಿದರು, ಅವರ ತವರೂರು ಯಾವುದು, ಯಾವ ತಾರೀಕು, ಎಲ್ಲ ಬರೆಯಿರಿ. ಸದ್ದು ಹೇಗಿತ್ತೋ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ‘ಅಡಕ್ಕೆ’ ಅಂದರೆ ‘ಅಡಕ್ಕೆ’ ಅಂತಲೇ ಇರಲಿ. ಫೋನಿನಲ್ಲಿ ಅವರ ದನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ನಮ್ಮ ವಾಚನಾಲಯಕ್ಕೆ ತನ್ನಿ. ಪದಗಳಿಗೆ ಅಂತಲೇ ಒಂದು ದೊಡ್ಡ ನೋಟ್‌ಬುಕ್ ಇಟ್ಟಿದ್ದೇವೆ. ಶನಿವಾರ ಸಂಜೆ ಒಟ್ಟಿಗೆ ಕೂತು ಕಿಟೆಲ್, ಗುಂಡರ್ಟ್, ಮೆನ್ನರ್ ಮೂವರನ್ನೂ ತೆರೆದು ನೋಡುವಾ.